ಎಲೆ ಬಿಚ್ಚಿ ನೋಡಿ, ಆಮೇಲೆ ಔಷಧಿ ಹೊಡೆಯಿರಿ



ಭತ್ತದ ಪೈರು ತೆಂಡೆಯೊಡೆಯುವ ಕಾಲದಲ್ಲಿ ಎಲೆ ಮಡಚಿದ್ದು ಕಂಡ ಕೂಡಲೇ ಸಿಂಪರಣೆಗೆ ಹೊರಡುವ ರೂಢಿ ನಮ್ಮಲ್ಲಿ ಅನೇಕರಿಗಿದೆ. ಆದರೆ ಎಲೆ ಮಡಚುವ ಹುಳುಗಳೆಲ್ಲ ಒಂದೇ ಜಾತಿಯವಲ್ಲ. ಯಾವ ಹುಳುವೆಂದು ತಿಳಿಯದೆ ಔಷಧಿ ಹೊಡೆದರೆ ಹಣವೂ ಹೋಗುತ್ತದೆ, ಮಿತ್ರ ಕೀಟಗಳೂ ಸಾಯುತ್ತವೆ. ಆದ್ದರಿಂದ ಮೊದಲು ಮಡಚಿದ ಎಲೆಯನ್ನು ಬಿಚ್ಚಿ ನೋಡಬೇಕು.

ಒಳಗಿನ ಹುಳು ಸುಮಾರು 2 ಸೆಂ.ಮೀ. ಉದ್ದವಿದ್ದು, ಹಳದಿ ಮಿಶ್ರಿತ ಹಸಿರಾಗಿದ್ದು, ಮುಟ್ಟಿದೊಡನೆ ಚುರುಕಾಗಿ ಹೊರಳಾಡಿದರೆ ಅದು ಎಲೆ ಸುರುಳಿ ಹುಳು. ಇದು ಎಲೆಯ ಹಸಿರನ್ನು ಕೆರೆದು ತಿನ್ನುವುದರಿಂದ ಎಲೆಯ ಮೇಲೆ ಬಿಳಿ ಪಟ್ಟೆಗಳು ಕಾಣುತ್ತವೆ.

ಹುಳು ಸುಮಾರು 4 ಸೆಂ.ಮೀ. ಬೆಳೆದು, ಎರಡೂ ತುದಿ ಸಣ್ಣಗಾಗಿ, ತಲೆಯ ಹಿಂದೆ ಕುತ್ತಿಗೆಯಂತೆ ಕಿರಿದಾಗಿದ್ದರೆ ಅದು ಸ್ಕಿಪ್ಪರ್ ಚಿಟ್ಟೆಯ ಮರಿ. ಹಸಿರು ತಲೆಯ ಎರಡೂ ಪಕ್ಕದಲ್ಲಿ ಕೆಂಪು ಗೆರೆಯಿರುತ್ತದೆ. ಇದು ಹಸಿರನ್ನು ಕೆರೆಯುವುದಿಲ್ಲ. ಎಲೆಯ ಅಂಚಿನಿಂದ ನಡುನರದವರೆಗೆ ಕತ್ತರಿಸಿ ತಿನ್ನುತ್ತದೆ. ಬದುವಿನ ಹುಲ್ಲಿನಲ್ಲೂ ಬದುಕುತ್ತದೆ. ಕಂದು ರೆಕ್ಕೆಯ ಮೇಲೆ ಬಿಳಿ ಚುಕ್ಕೆಗಳುಳ್ಳ, ಜಿಗಿಜಿಗಿದು ಹಾರುವ ಚಿಕ್ಕ ಚಿಟ್ಟೆಯೇ ಇದರ ತಾಯಿ.

ಎಲೆ ಮಡಚದೆ ಬಯಲಲ್ಲೇ ಕುಳಿತು, ತಲೆಯ ಮೇಲೆ ಎರಡು ಕೊಂಬು, ಹಿಂದೆ ಎರಡು ಬಾಲದಂಥ ತುದಿಗಳುಳ್ಳದ್ದು ಕೊಂಬಿನ ಹುಳು. ಇದೂ ಅಂಚಿನಿಂದಲೇ ತಿನ್ನುತ್ತದೆ.

ಸ್ಕಿಪ್ಪರ್ ಮತ್ತು ಕೊಂಬಿನ ಹುಳುಗಳಿಂದ ಇಳುವರಿಗೆ ಪೆಟ್ಟು ಬೀಳುವುದು ಅಪರೂಪ. ಪರತಂತ್ರ ಕಣಜಗಳು, ಜೇಡಗಳು ಹಾಗೂ ಹಕ್ಕಿಗಳು ಇವುಗಳನ್ನು ಹತೋಟಿಯಲ್ಲಿಡುತ್ತವೆ. ಅಲ್ಲಲ್ಲಿ ಕಂಡರೆ ಕೈಯಿಂದ ಆರಿಸಿ ನಾಶಪಡಿಸಿದರೆ ಸಾಕು. ಸತ್ತ ಹುಳುವಿನ ಬಳಿ ಹತ್ತಿಯಂಥ ಪುಟ್ಟ ಗೂಡುಗಳ ಗುಂಪು ಕಂಡರೆ ಅದನ್ನು ಕೀಳಬೇಡಿ. ಅವು ಕಣಜಗಳ ಗೂಡುಗಳು, ನಿಮ್ಮ ಗದ್ದೆಯ ಕಾವಲುಗಾರರು.

ಎಲೆ ಸುರುಳಿ ಹುಳುವಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಸಾರಜನಕ ಗೊಬ್ಬರವನ್ನು ಅತಿಯಾಗಿ ಹಾಕಿದಲ್ಲಿ ಮತ್ತು ನೆರಳಿರುವಲ್ಲಿ ಇದು ಹೆಚ್ಚುತ್ತದೆ. ಗದ್ದೆಯ ಹಲವು ಕಡೆ ಬುಡಗಳನ್ನು ಪರೀಕ್ಷಿಸಿ. ಸರಾಸರಿ ಬುಡಕ್ಕೆ 2ರಂತೆ, ಜೀವಂತ ಹುಳುವಿರುವ ಹಾನಿಗೊಂಡ ಎಲೆಗಳು ಸಿಕ್ಕರೆ ಮಾತ್ರ ಔಷಧಿಯ ಯೋಚನೆ ಮಾಡಿ. ಯಾವ ಔಷಧಿ, ಎಷ್ಟು ಪ್ರಮಾಣ ಎಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿಕೊಳ್ಳಿ. ಹೋಗುವಾಗ ಹುಳುವಿರುವ ಎಲೆಯನ್ನೂ ಜೊತೆಗೆ ಒಯ್ಯಿರಿ.

ನಾಳೆ ಗದ್ದೆಗೆ ಹೋದಾಗ ಹತ್ತು ಎಲೆ ಬಿಚ್ಚಿ ನೋಡಿ. ಒಂದು ಸಿಂಪರಣೆಯ ಖರ್ಚು ಉಳಿದೀತು.