ಸೋರುವ ನಲ್ಲಿಯನ್ನು ನಾವೇ ಸರಿ ಮಾಡೋಣ



ಇವತ್ತು ನಲ್ಲಿಯ ಬಗ್ಗೆ ಮಾತಾಡೋಣ. 2019ರಲ್ಲಿ ಜಲ ಜೀವನ್ ಮಿಷನ್ ಶುರುವಾಯಿತು. ಆಮೇಲೆ ಎಷ್ಟೋ ಹಳ್ಳಿ ಮನೆಗಳ ಅಂಗಳಕ್ಕೆ ನಲ್ಲಿ ಬಂತು. ಕೊಡ ಹೊತ್ತು ಸೋತ ಸೊಂಟಕ್ಕೆ ಬಿಡುವು ಸಿಕ್ಕಿತು. ಆದರೆ ನಲ್ಲಿ ಬಂದ ಕಡೆ ಸೋರಿಕೆಯೂ ಬರುತ್ತದೆ. ನಲ್ಲಿ ಮತ್ತು ಪೈಪು ಸೇರುವ ಜಾಗದಲ್ಲಿ ತೊಟ್ ತೊಟ್ ಅಂತ ನೀರು ಬೀಳುತ್ತದೆ. "ಒಂದು ಹನಿ ತಾನೇ, ಬಿಡಿ" ಅಂತ ಸುಮ್ಮನಾಗುತ್ತೇವೆ.

ಆ ಹನಿಯ ಲೆಕ್ಕ ಹಾಕೋಣ. ಸ್ಲೇಟು ತೆಗೆದುಕೊಳ್ಳಿ. ಮನೆಯ ಮೇಲೆ ಟ್ಯಾಂಕು ಇದ್ದರೆ ಪೈಪಿನಲ್ಲಿ ಹಗಲೂ ರಾತ್ರಿ ನೀರಿರುತ್ತದೆ. ಸೆಕೆಂಡಿಗೆ ಒಂದು ಹನಿ ಬಿದ್ದರೆ ನಿಮಿಷಕ್ಕೆ 60 ಹನಿ. ಗಂಟೆಗೆ 3,600 ಹನಿ. ದಿನಕ್ಕೆ 86,400 ಹನಿ. ಸುಮಾರು 20 ಹನಿ ಸೇರಿದರೆ ಒಂದು ಮಿಲಿಲೀಟರ್. ಅಂದರೆ ದಿನಕ್ಕೆ 4 ಲೀಟರಿಗೂ ಹೆಚ್ಚು. ಮೂರು ದಿನಕ್ಕೆ ಒಂದು ಕೊಡ ನೀರು ಮಣ್ಣುಪಾಲು. ಇಂಥ ನೂರು ಮನೆ ಇದ್ದರೆ ದಿನಕ್ಕೆ 430 ಲೀಟರ್. ಮಿಷನ್ನಿನ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ ಸಿಗಬೇಕಾದ ನೀರು 55 ಲೀಟರ್. ಏಳು ಜನರ ಪಾಲು ಚರಂಡಿಗೆ ಹೋಯ್ತಲ್ಲ!

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಪಂಚಾಯಿತಿ ಪೈಪಿನಲ್ಲಿ ದಿನವೆಲ್ಲಾ ನೀರು ಬಿಡುವುದು ಕಡಿಮೆ. ನೀರು ನಿಂತ ಮೇಲೆ ಪೈಪಿನಲ್ಲಿ ಉಳಿದ ನೀರು ತಗ್ಗಿಗೆ ಇಳಿಯುತ್ತದೆ. ಆಗ ಪೈಪು ಹೊರಗಿನಿಂದ ಹೀರುತ್ತದೆ. ಸೋರುವ ಜಾಯಿಂಟು ನಲ್ಲಿ ಗುಂಡಿಯಲ್ಲೋ ಚರಂಡಿಯಲ್ಲೋ ಮುಳುಗಿದ್ದರೆ ಕೊಳಚೆ ಒಳಗೆ ಹೋಗುತ್ತದೆ. ಪೈಪಿಗೆ ನೇರವಾಗಿ ಮೋಟಾರು ಹಾಕಿ ಎಳೆದರೆ ಇನ್ನೂ ಜೋರಾಗಿ ಹೋಗುತ್ತದೆ. ಮಾರನೇ ದಿನ ಅದೇ ನೀರು ನಮ್ಮ ಕೊಡಕ್ಕೆ ಬರುತ್ತದೆ. ವಾಂತಿ ಭೇದಿ, ಕಾಮಾಲೆ ಹೀಗೂ ಬರುತ್ತವೆ. ನೀರು ಹೊರಗೆ ಬರುವ ದಾರಿಯೇ ಕೊಳೆ ಒಳಗೆ ಹೋಗುವ ದಾರಿ. ಇದನ್ನು ಮರೆಯಬೇಡಿ.

ಹಾಗಾದರೆ ಏನು ಮಾಡಬೇಕು? ಕೆಲವರು ಬಟ್ಟೆ ಕಟ್ಟುತ್ತಾರೆ. ಕೆಲವರು ಸೋಪು ಮೆತ್ತುತ್ತಾರೆ. ಅದು ನಿಲ್ಲುವುದಿಲ್ಲ. ನೀರು ಒಳಗಿನಿಂದ ತಳ್ಳುತ್ತದೆ. ಆದ್ದರಿಂದ ಮದ್ದೂ ಒಳಗೇ ಆಗಬೇಕು.

ನಲ್ಲಿಯ ಹಿಂದೆ ಸುರುಳಿ ಗೆರೆಗಳಿವೆ. ಇದಕ್ಕೆ ಥ್ರೆಡ್ ಅನ್ನುತ್ತಾರೆ. ಪೈಪಿನ ಎಲ್ಬೋ ಒಳಗೂ ಥ್ರೆಡ್ ಇದೆ. ತಿರುಗಿಸಿದಾಗ ಎರಡೂ ಒಂದರೊಳಗೊಂದು ಕೂರುತ್ತವೆ. ಆದರೂ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ನೀರು ಆ ಸಂದಿನಲ್ಲೇ ಸುತ್ತಿಕೊಂಡು ಬರುತ್ತದೆ. ಸಂದು ಮುಚ್ಚಲು ಟೆಫ್ಲಾನ್ ಟೇಪ್ ಬೇಕು. ಅದು ಬಿಳಿ ಬಣ್ಣದ, ಅಂಟಿಲ್ಲದ ತೆಳು ಟೇಪು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಚೀಟಿಯಲ್ಲಿ ಹೆಸರು ನೀವೇ ಬರೆದುಕೊಂಡು ಹೋಗಿ. ಎರಡು ಪೈಪ್ ರಿಂಚು ಬೇಕು. ಕೊಳ್ಳಬೇಕಾಗಿಲ್ಲ, ಯಾರಿಂದಾದರೂ ಎರವಲು ತನ್ನಿ.

ಈಗ ಕೆಲಸ ನೋಡಿ.

ಒಂದು: ವಾಲ್ವ್ ಮುಚ್ಚಿ. ವಾಲ್ವ್ ಇಲ್ಲದಿದ್ದರೆ ನೀರು ನಿಂತ ಹೊತ್ತಿನಲ್ಲಿ ಮಾಡಿ. ನಲ್ಲಿ ತೆರೆದು ಉಳಿದ ನೀರು ಹೋಗಲಿ.

ಎರಡು: ಒಂದು ರಿಂಚಿನಿಂದ ಎಲ್ಬೋ ಅಲುಗದಂತೆ ಹಿಡಿಯಿರಿ. ಇನ್ನೊಂದರಿಂದ ನಲ್ಲಿಯನ್ನು ಎಡಕ್ಕೆ ತಿರುಗಿಸಿ ಬಿಚ್ಚಿ. ಎಲ್ಬೋ ಹಿಡಿಯದಿದ್ದರೆ ಹಿಂದಿನ ಜಾಯಿಂಟು ಸಡಿಲವಾಗಿ ಅಲ್ಲಿ ಸೋರುತ್ತದೆ.

ಮೂರು: ಹಳೆಯ ಟೇಪು, ತುಕ್ಕು, ಮಣ್ಣು ತೆಗೆಯಿರಿ. ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಒಣಬಟ್ಟೆಯಿಂದ ಒರೆಸಿ.

ನಾಲ್ಕು: ಥ್ರೆಡ್ಡಿನ ತುದಿ ನಿಮ್ಮ ಮುಖದ ಕಡೆ ಇರಲಿ. ತುದಿಯ ಒಂದು ಗೆರೆ ಬಿಟ್ಟು ಟೇಪು ಸುತ್ತಿ. ಗಡಿಯಾರದ ಮುಳ್ಳು ತಿರುಗುವ ಕಡೆಗೇ ಸುತ್ತಿ. ತಿರುವಿ ಸುತ್ತಿದರೆ ನಲ್ಲಿ ಹಾಕುವಾಗ ಟೇಪು ಬಿಚ್ಚಿಕೊಳ್ಳುತ್ತದೆ. ಬಿಗಿಯಾಗಿ ಐದಾರು ಸುತ್ತು ಹಾಕಿ. ಟೇಪು ಬಹಳ ತೆಳುವಾಗಿದ್ದರೆ ಎಂಟು ಹತ್ತು ಸುತ್ತು.

ಐದು: ಮೊದಲು ಕೈಯಿಂದ ತಿರುಗಿಸಿ. ಆಮೇಲೆ ರಿಂಚು ಹಾಕಿ. ನಲ್ಲಿಯ ಬಾಯಿ ಕೆಳಗೆ ಬಂದು ಬಿಗಿಯಾದಾಗ ನಿಲ್ಲಿಸಿ. ದಾಟಿಹೋಯಿತು ಅಂತ ಹಿಂದಕ್ಕೆ ತಿರುಗಿಸಬೇಡಿ, ಟೇಪು ಹರಿಯುತ್ತದೆ. ಬಿಚ್ಚಿ, ಹೊಸ ಟೇಪು ಸುತ್ತಿ, ಮತ್ತೆ ಹಾಕಿ. ಪ್ಲಾಸ್ಟಿಕ್ಕಿನದಾದರೆ ಹೆಚ್ಚು ಬಲ ಬೇಡ, ಸೀಳುತ್ತದೆ.

ಆರು: ನೀರು ಬಿಡಿ. ಜಾಯಿಂಟು ಒರೆಸಿ, ಕೆಳಗೆ ಒಣ ಕಾಗದ ಇಡಿ. ಅರ್ಧ ಗಂಟೆ ಬಿಟ್ಟು ನೋಡಿ. ಕಾಗದ ನೆನೆಯದಿದ್ದರೆ ನೀವು ಗೆದ್ದಿರಿ. ಮೊದಲು ಬಂದ ನೀರನ್ನು ಗಿಡಕ್ಕೆ ಹಾಕಿ.

ಹಿಂದೆ ಸೆಣಬಿನ ನಾರು ಸುತ್ತಿ ಬಿಳಿ ಸೀಸದ ಬಣ್ಣ ಹಚ್ಚುತ್ತಿದ್ದರು. ಸೀಸ ವಿಷ. ಕುಡಿಯುವ ನೀರಿನ ಪೈಪಿಗೆ ಅದು ಕೂಡದು.

ಎಲ್ಲವನ್ನೂ ನಾವೇ ಮಾಡಲಾಗುವುದಿಲ್ಲ. ಥ್ರೆಡ್ ಸವೆದಿದ್ದರೆ, ಎಲ್ಬೋ ಒಡೆದಿದ್ದರೆ ಹೊಸದೇ ಬೇಕು. ಗೋಡೆಯೊಳಗೆ ಸೋರಿದರೆ ಪ್ಲಂಬರ್ ಬರಲಿ. ರಸ್ತೆ ಪೈಪು ಸೋರಿದರೆ ನೀರುಗಂಟಿಗೆ ಹೇಳಿ. ಕೇಳದಿದ್ದರೆ ಪಂಚಾಯಿತಿಗೆ ಅರ್ಜಿ ಕೊಡಿ. ಈಗ ಅರ್ಜಿ ಬರೆಯಲು ನಮಗೇ ಬರುತ್ತದಲ್ಲ!

ಅಕ್ಕಂದಿರೇ, ರಿಂಚು ಗಂಡಸರ ಸಾಮಾನು ಅಂತ ಹಿಂದೆ ಸರಿಯಬೇಡಿ. ನೀರಿನ ಕಷ್ಟ ಹೆಚ್ಚು ಉಂಡವರು ನೀವು. ರಾಗಿ ಬೀಸಿದ ಕೈಗೆ ನಲ್ಲಿ ತಿರುಗಿಸುವುದು ಭಾರವೇ? ಇವತ್ತು ಮನೆಗೆ ಹೋದ ಕೂಡಲೇ ನಲ್ಲಿಯ ಜಾಯಿಂಟನ್ನು ಒಮ್ಮೆ ಬೆರಳಿನಿಂದ ಮುಟ್ಟಿ ನೋಡಿ. ಒದ್ದೆಯಾಗಿದ್ದರೆ ನಾಳೆಯೇ ಟೇಪು ತನ್ನಿ.