ಉಳಿದ ಯೂನಿಟ್ಟೇ ಸಾಲ ತೀರಿಸಲಿ

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

 

ಕರೆಂಟ್ ಉಳಿಸಿ ಎಂಬ ಮಾತನ್ನು ನಾವು ಗೋಡೆಗಳ ಮೇಲೆ ಓದುತ್ತಲೇ ಬಂದಿದ್ದೇವೆ. ಆದರೆ ಉಳಿಸುವುದಕ್ಕೂ ಮೊದಲು ಹಣ ಬೇಕು, ಆ ಹಣ ಎಲ್ಲಿಂದ ಬರಬೇಕು ಎಂಬುದನ್ನು ಯಾರೂ ಬರೆಯುವುದಿಲ್ಲ. ಇಂದು ನಾನು ಅದೇ ವಿಷಯವನ್ನು ನಿಮ್ಮ ಮುಂದೆ ಇಡಲು ಇಚ್ಛಿಸುತ್ತೇನೆ.

ಉರ್ದುವಿನಲ್ಲಿ ಕಂಜೂಸಿ ಎಂಬ ಮಾತೂ ಇದೆ, ಕಿಫಾಯತ್ ಎಂಬ ಮಾತೂ ಇದೆ. ಫ್ಯಾನ್ ಆರಿಸಿ ಬೆವರುತ್ತಾ ಕೂರುವುದು ಕಂಜೂಸಿ. ಅದೇ ಗಾಳಿಯನ್ನು ಕಡಿಮೆ ಕರೆಂಟಿನಲ್ಲಿ ಪಡೆಯುವುದು ಕಿಫಾಯತ್. ಕನ್ನಡದಲ್ಲಿ ಜಿಪುಣತನಕ್ಕೂ ಮಿತವ್ಯಯಕ್ಕೂ ಇರುವ ವ್ಯತ್ಯಾಸವೂ ಇದೇ. ನಾನು ಹೇಳುತ್ತಿರುವುದು ಕಿಫಾಯತ್ ಬಗ್ಗೆ.

ನಮ್ಮ ಜಿಲ್ಲೆಗೆ ವಿದ್ಯುತ್ ಹೊಸದಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬೆಳಕು ಬಂತು. ಒಂದು ಶತಮಾನದ ನಂತರ ಇದೇ ಮಳವಳ್ಳಿ ಮತ್ತು ಮದ್ದೂರು ಇನ್ನೊಂದು ಪ್ರಯೋಗಕ್ಕೆ ಆಯ್ಕೆಯಾದವು. ಈ ಬಾರಿ ಉದ್ದೇಶ ವಿದ್ಯುತ್ ಉತ್ಪಾದನೆಯಲ್ಲ, ಉಳಿತಾಯ.

ಹಿನ್ನೆಲೆ ಹೀಗಿದೆ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ 2008ರಿಂದ ವಿದ್ಯುತ್ ಉಚಿತ. ರೈತನಿಗೆ ಇದು ದೊಡ್ಡ ಆಸರೆ. ಆದರೆ 5 ಎಚ್‌ಪಿ ಪಂಪು ಪೂರ್ಣ ಹೊರೆಯಲ್ಲಿ ಒಂದು ಗಂಟೆ ಓಡಿದರೆ 4 ಯೂನಿಟ್‌ಗೂ ಹೆಚ್ಚು ಖರ್ಚಾಗುತ್ತದೆ. ಮೋಟಾರ್ ಹಳೆಯದಾಗಿ, ಹಲವು ಸಲ ವೈಂಡಿಂಗ್ ಕಂಡಿದ್ದರೆ ಅಷ್ಟೇ ನೀರಿಗೆ ಇನ್ನೂ ಹೆಚ್ಚು ಕರೆಂಟ್ ಬೇಕು. ಹೊಸ ಪಂಪು ಕೊಳ್ಳಬೇಕಾದವನು ರೈತ, ಕರೆಂಟಿನ ಹಣ ಕಟ್ಟುವುದು ಸರ್ಕಾರ. ಖರ್ಚು ಒಬ್ಬರದು, ಲಾಭ ಇನ್ನೊಬ್ಬರದು ಎಂದಾದ ಮೇಲೆ ರೈತ ಯಾಕಾದರೂ ಸಾಲ ಮಾಡಿ ಹೊಸ ಪಂಪು ತರಬೇಕು? ಇದರಲ್ಲಿ ಅವನ ತಪ್ಪೇನೂ ಇಲ್ಲ.

ಈ ಗಂಟನ್ನು ಬಿಡಿಸಲು 2010ರ ದಶಕದಲ್ಲಿ ಒಂದು ದಾರಿ ಹುಡುಕಲಾಯಿತು. ಕೇಂದ್ರ ವಿದ್ಯುತ್ ಸಚಿವಾಲಯದಡಿ 2009ರಲ್ಲಿ ಆರಂಭವಾದ ಇಇಎಸ್‌ಎಲ್ ಎಂಬ ಕಂಪನಿ ಮತ್ತು ನಮ್ಮ ಸೆಸ್ಕ್, ಅಂದರೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಒಟ್ಟಾಗಿ ಮದ್ದೂರು ಮತ್ತು ಮಳವಳ್ಳಿ ಉಪವಿಭಾಗಗಳಲ್ಲಿ 1337 ಪಂಪ್‌ಸೆಟ್‌ಗಳನ್ನು ಬದಲಿಸುವ ಯೋಜನೆ ಹಾಕಿಕೊಂಡವು. ಸ್ಟಾರ್ ಗುರುತಿನ ಹೊಸ ಪಂಪಿಗೆ ಮೊದಲು ಕಂಪನಿ ಹಣ ಹಾಕಬೇಕು. ಉಳಿಯುವ ವಿದ್ಯುತ್ತಿನ ಬೆಲೆಯಿಂದ ಸೆಸ್ಕ್ ಆ ಹಣವನ್ನು ಕಂತಿನಲ್ಲಿ ತೀರಿಸಬೇಕು. ಯೋಜನೆಯ ತಿರುಳು ಇಷ್ಟೇ: ಉಳಿದ ಯೂನಿಟ್ಟೇ ಸಾಲ ತೀರಿಸುತ್ತದೆ.

ಇದೇ ಸೂತ್ರ ಬಲ್ಬುಗಳಲ್ಲಿ ದೇಶದಾದ್ಯಂತ ಕೆಲಸ ಮಾಡಿತು. 2015ರಲ್ಲಿ ಆರಂಭವಾದ ಉಜಾಲಾ ಯೋಜನೆಯಲ್ಲಿ ಕೋಟಿಗಟ್ಟಲೆ ಎಲ್ಇಡಿ ಬಲ್ಬುಗಳನ್ನು ಒಟ್ಟಿಗೆ ಖರೀದಿಸಲಾಯಿತು. 2014ರಲ್ಲಿ 310 ರೂಪಾಯಿ ಇದ್ದ ಖರೀದಿ ಬೆಲೆ 2016ರ ಹೊತ್ತಿಗೆ 38 ರೂಪಾಯಿಗೆ ಇಳಿಯಿತು. ಒಬ್ಬೊಬ್ಬರೇ ಅಂಗಡಿಗೆ ಹೋಗಿ ಚೌಕಾಸಿ ಮಾಡಿದ್ದರೆ ಇದು ಸಾಧ್ಯವಾಗುತ್ತಿತ್ತೇ?

ಆದರೆ ಪಂಪು ಬಲ್ಬಿನಷ್ಟು ಸುಲಭವಲ್ಲ. ಇಲ್ಲಿ ಮೂರು ಎಚ್ಚರಿಕೆಗಳು ಬೇಕು. ಮೊದಲನೆಯದಾಗಿ, ವೋಲ್ಟೇಜ್ ಏರಿಳಿತವಾದರೆ ಎಂಥ ಒಳ್ಳೆಯ ಮೋಟಾರೂ ಸುಡುತ್ತದೆ. ಪಂಪಿನ ಜೊತೆಗೆ ಲೈನೂ ಸರಿಯಾಗಬೇಕು. ಎರಡನೆಯದಾಗಿ, ಸುಟ್ಟ ಮೋಟಾರನ್ನು ರೈತ ದೂರದ ಕಂಪನಿಗೆ ಕಳಿಸಿ ಕಾಯಲಾರ, ಬೆಳೆ ಒಣಗುತ್ತದೆ. ಅವನು ಹೋಗುವುದು ಪೇಟೆಯ ವೈಂಡಿಂಗ್ ಅಂಗಡಿಗೆ. ಆ ಕೆಲಸ ಮಾಡುವವರಲ್ಲಿ ನಮ್ಮವರೂ ಇದ್ದಾರೆ. ಅವರಿಗೆ ತರಬೇತಿ ಕೊಟ್ಟು ಯೋಜನೆಯ ಒಳಗೆ ತಂದರೆ ಅವರ ಹೊಟ್ಟೆಪಾಡೂ ಉಳಿಯುತ್ತದೆ, ಪಂಪೂ ಉಳಿಯುತ್ತದೆ. ಮೂರನೆಯದಾಗಿ, ಒಳ್ಳೆಯ ಪಂಪು ಬಂತೆಂದು ಹೆಚ್ಚು ನೀರು ಎಳೆದರೆ ಕರೆಂಟೂ ಉಳಿಯದು, ಕೊಳವೆಬಾವಿಯೂ ಬತ್ತುತ್ತದೆ.

ಈಗ ನಮ್ಮ ಮನೆಗೆ ಬರೋಣ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯಿಂದಾಗಿ, 200 ಯೂನಿಟ್ ಮಿತಿಯೊಳಗೆ ತಮಗೆ ನಿಗದಿಯಾದಷ್ಟೇ ಬಳಸುವ ಮನೆಗಳಿಗೆ ಬಿಲ್ಲಿನ ಹೊರೆ ಇಲ್ಲ. ಆದರೆ ಟೈಲರ್ ಅಂಗಡಿ, ಹಿಟ್ಟಿನ ಗಿರಣಿ, ಬೇಕರಿ ಇವುಗಳಿಗೆ ಗೃಹಜ್ಯೋತಿ ಅನ್ವಯಿಸುವುದಿಲ್ಲ. ಉಳಿತಾಯದ ಕೆಲಸ ಇಲ್ಲಿಂದಲೇ ಆರಂಭವಾಗಲಿ ಎಂಬುದು ನನ್ನ ಸಲಹೆ.

ವಿದ್ಯಾರ್ಥಿಗಳೇ, ಒಂದು ಲೆಕ್ಕ ಮಾಡಿ. ಒಂದು ಟೈಲರ್ ಅಂಗಡಿಯಲ್ಲಿ ಹಳೆಯ ಚೋಕಿನ 2 ಟ್ಯೂಬ್‌ಲೈಟ್, 75 ವ್ಯಾಟಿನ 1 ಫ್ಯಾನ್ ಇವೆ ಎನ್ನೋಣ. 20 ವ್ಯಾಟಿನ ಎಲ್ಇಡಿ ಟ್ಯೂಬ್ ಹಾಕಿದರೆ ಒಂದೊಂದರಲ್ಲಿ ಸುಮಾರು 35 ವ್ಯಾಟ್, 30 ವ್ಯಾಟಿನ ಹೊಸ ಬಗೆಯ ಫ್ಯಾನ್ ಹಾಕಿದರೆ 45 ವ್ಯಾಟ್ ಉಳಿಯುತ್ತದೆ. ದಿನಕ್ಕೆ 8 ಗಂಟೆ, ತಿಂಗಳಿಗೆ 26 ದಿನ ಎಂದರೆ ಸುಮಾರು 24 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ 168 ರೂಪಾಯಿ. ಸಾಮಾನುಗಳಿಗೆ 3500 ರೂಪಾಯಿ ಬೇಕಾದರೆ 21 ತಿಂಗಳಲ್ಲಿ ಉಳಿತಾಯದಿಂದಲೇ ಸಾಲ ತೀರುತ್ತದೆ. ಆಮೇಲಿನದೆಲ್ಲ ಅವರ ಕೈಯಲ್ಲೇ ಉಳಿಯುತ್ತದೆ.

ಆದರೆ ದಿನದ ದುಡಿಮೆಯಲ್ಲಿ ಬದುಕುವವರ ಬಳಿ 3500 ರೂಪಾಯಿ ಒಟ್ಟಿಗೆ ಇರುವುದಿಲ್ಲ. ಬಡ್ಡಿಗೆ ತಂದರೆ ಉಳಿತಾಯವನ್ನು ಬಡ್ಡಿಯೇ ನುಂಗುತ್ತದೆ. ಕರ್ಜೆ ಹಸನಾ, ಅಂದರೆ ಬಡ್ಡಿಯಿಲ್ಲದ ಸಾಲ, ನಮಗೆ ಹೊಸ ಮಾತಲ್ಲ. ಫೀಸು, ಮದುವೆ, ಕಾಯಿಲೆಗೆ ಅದನ್ನು ಕೊಟ್ಟವರಿದ್ದಾರೆ. ಸಂಸ್ಥೆಯ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ. 35 ಸಾವಿರ ರೂಪಾಯಿಯ ಒಂದು ಚಿಕ್ಕ ನಿಧಿ ಮಾಡಿ ಮೊದಲು 10 ಅಂಗಡಿಗಳಿಗೆ ಕೊಡೋಣ. ಸಾಮಾನನ್ನು ಒಟ್ಟಿಗೆ ಕೊಂಡರೆ ಬೆಲೆಯೂ ಇಳಿಯಬಹುದು. ಮರಳಿ ಬಂದ ಕಂತುಗಳಿಂದ ಮುಂದಿನ ಅಂಗಡಿಗಳಿಗೆ ಕೊಡೋಣ. ಹೈಸ್ಕೂಲಿನ ಮಕ್ಕಳು ಪ್ರತಿ ತಿಂಗಳೂ ಮೀಟರ್ ಓದಿ, ಮೊದಲು ಎಷ್ಟು, ಈಗ ಎಷ್ಟು ಎಂದು ಪುಸ್ತಕದಲ್ಲಿ ಬರೆದಿಡಲಿ. ಲೆಕ್ಕ ಎಲ್ಲರ ಕಣ್ಣಿಗೆ ಕಂಡರೆ ಮಾತ್ರ ನಂಬಿಕೆ ಹುಟ್ಟುತ್ತದೆ, ನಂಬಿಕೆ ಇದ್ದರೆ ಮಾತ್ರ ಕಂತು ಮರಳುತ್ತದೆ.

ಬಡ ದೇಶಗಳಲ್ಲಿ ಇಂಧನ ಉಳಿತಾಯ ಹಿಂದುಳಿದಿರುವುದು ಜನರಿಗೆ ತಿಳಿವಳಿಕೆ ಇಲ್ಲದ್ದರಿಂದ ಎಂದು ಸುಲಭವಾಗಿ ಹೇಳಿಬಿಡುತ್ತಾರೆ. ಟೈಲರ್ ಅಂಗಡಿಯವರಿಗೆ ತಿಳಿವಳಿಕೆ ಇದೆ, ಮೊದಲ ಕಂತಿಗೆ ಕೈಯಲ್ಲಿ ಹಣವಿಲ್ಲ. ಆ ಮೊದಲ ಹಣವನ್ನು ಹೊಂದಿಸುವುದು ನಮ್ಮಂಥ ಸಂಸ್ಥೆಗಳಿಂದ ಆಗಬಹುದಾದ ಕೆಲಸ. ಈ ವರ್ಷವೇ ಅದು ಆರಂಭವಾಗಲಿ ಎಂದು ಆಶಿಸುತ್ತೇನೆ.