ಬಾಗಿಲು ತಟ್ಟುವ ಕೆಲಸ

(ಸುವರ್ಣ ಮಹೋತ್ಸವದ ಅಂಗವಾಗಿ ಶಾಲೆಯ ಆವರಣದಲ್ಲಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ ಸೈಬರ್ ಭದ್ರತೆಯಲ್ಲಿರುವ ಉದ್ಯೋಗಗಳು. ಅದನ್ನು ಕಿರಿದು ಮಾಡಿಕೊಂಡಿದ್ದೇನೆ. ಕಾರಣವಿದೆ. ಕಳೆದ ಎರಡು ವರ್ಷಗಳಲ್ಲಿ ಇದೇ ಶಾಲೆಯಲ್ಲಿ ಓದಿದ ನಾಲ್ಕೈದು ಮಕ್ಕಳು ಫೋನ್ ಮಾಡಿ, 'ಪೆನೆಟ್ರೇಷನ್ ಟೆಸ್ಟಿಂಗ್ ಪರೀಕ್ಷೆಗೆ ಓದ್ತಾ ಇದೀವಿ, ಎನ್‌ಮ್ಯಾಪ್ ತಲೆಗೆ ಹತ್ತುತ್ತಿಲ್ಲ' ಎಂದಿದ್ದಾರೆ. ಒಬ್ಬ ಹುಡುಗ ತಾಯಿಯ ಸರ ಅಡವಿಟ್ಟು ನಗರದ ತರಬೇತಿ ಕೇಂದ್ರವೊಂದಕ್ಕೆ ಸೇರಿದ್ದಾನೆ. ಅಲ್ಲಿ ಕೊಟ್ಟದ್ದು ನೂರಕ್ಕೂ ಹೆಚ್ಚು ಆಯ್ಕೆಗಳ ಒಂದು ಜೆರಾಕ್ಸ್ ಪಟ್ಟಿ. ಮಗ್ಗಿ ಕಲಿತ ಹಾಗೆ ಬಾಯಿಪಾಠ ಮಾಡಿ ಎಂದರಂತೆ. ಆ ಸರ ಬಿಡಿಸಿಕೊಳ್ಳಬೇಕಾದರೆ ಅವನು ಪಾಸಾಗಬೇಕು. ಆದ್ದರಿಂದ ಇವತ್ತಿನ ಮಾತು ಆ ಪಟ್ಟಿಯ ಬಗ್ಗೆಯೇ.

ಹಿರಿಯರಿಗೆ ಮೊದಲು ಈ ಕೆಲಸ ಏನೆಂದು ಹೇಳಿಬಿಡುತ್ತೇನೆ. ಬ್ಯಾಂಕೋ ಆಸ್ಪತ್ರೆಯೋ ತಮ್ಮ ಕಂಪ್ಯೂಟರುಗಳೊಳಗೆ ಕಳ್ಳರು ನುಗ್ಗಬಹುದೇ ಎಂದು ತಿಳಿಯಲು ತಾವೇ ಜನರನ್ನು ನೇಮಿಸಿ, ಲಿಖಿತ ಒಪ್ಪಿಗೆ ಕೊಟ್ಟು, 'ನುಗ್ಗಲು ಪ್ರಯತ್ನ ಮಾಡಿ, ಎಲ್ಲಿ ಸಂದಿ ಇದೆ ಎಂದು ಬರೆದು ಕೊಡಿ' ಎನ್ನುತ್ತವೆ. ಅದು ಪೆನೆಟ್ರೇಷನ್ ಟೆಸ್ಟಿಂಗ್. ಅದರ ಮೊದಲ ಹೆಜ್ಜೆಗಳಲ್ಲೊಂದು ನೆಟ್‌ವರ್ಕ್ ಸ್ಕ್ಯಾನಿಂಗ್: ಯಾವ ಯಂತ್ರಗಳು ಚಾಲೂ ಇವೆ, ಯಾವುದರಲ್ಲಿ ಯಾವ ಬಾಗಿಲು ತೆರೆದಿದೆ ಎಂದು ನೋಡುವುದು. ಇದಕ್ಕೆ ಬಳಸುವ ಉಪಕರಣಗಳಲ್ಲಿ ಹೆಸರುವಾಸಿ ಎನ್‌ಮ್ಯಾಪ್. ಗಾರ್ಡನ್ ಲಿಯಾನ್ ಎಂಬ ಅಮೆರಿಕದವರು 1997ರ ಸೆಪ್ಟೆಂಬರಿನಲ್ಲಿ ಫ್ರಾಕ್ ಎಂಬ ಪತ್ರಿಕೆಯಲ್ಲಿ ಇದನ್ನು ಮೊದಲು ಪ್ರಕಟಿಸಿದರು. ಆಗ ಸುಮಾರು ಎರಡು ಸಾವಿರ ಸಾಲಿನ ಪುಟ್ಟ ಪ್ರೋಗ್ರಾಮು. ಇಂದಿಗೂ ಉಚಿತ. 2003ರ ಮ್ಯಾಟ್ರಿಕ್ಸ್ ರೀಲೋಡೆಡ್ ಸಿನಿಮಾದಲ್ಲಿ ನಾಯಕಿ ಬಳಸುವುದು ಇದನ್ನೇ.

ನಮ್ಮ ಮೇಷ್ಟ್ರುಗಳಿಗೆ ಇದು ಬೇಗ ಅರ್ಥವಾಗುತ್ತದೆ, ಏಕೆಂದರೆ ಜನಗಣತಿಗೆ ಓಡಾಡಿದವರು ಅವರೇ. 2010ರಲ್ಲಿ ಮೊದಲು ಮನೆಪಟ್ಟಿ ಮಾಡಿದರು. 2011ರ ಫೆಬ್ರವರಿಯಲ್ಲಿ ಮತ್ತೆ ಬಂದು ಮನೆಯೊಳಗಿನ ಜನರನ್ನು ಎಣಿಸಿದರು. ಸ್ಕ್ಯಾನಿಂಗೂ ಹೀಗೇ ಹಂತ ಹಂತ. ಎನ್‌ಮ್ಯಾಪಿನಲ್ಲಿ ಮನೆಪಟ್ಟಿಯ ಕೆಲಸಕ್ಕೆ ಒಂದು ಹೈಫನ್ ಹಾಕಿ ಚಿಕ್ಕ ಎಸ್, ಚಿಕ್ಕ ಎನ್ ಬರೆಯುತ್ತೇವೆ. ಯಂತ್ರ ಇದೆಯೋ ಇಲ್ಲವೋ ಅಷ್ಟೇ ನೋಡುತ್ತದೆ, ಬಾಗಿಲುಗಳನ್ನು ಮುಟ್ಟುವುದಿಲ್ಲ. ಮಕ್ಕಳೇ, ಚಿಕ್ಕ ಎನ್ ಜಾಗದಲ್ಲಿ ದೊಡ್ಡ ಎನ್ ಬಿದ್ದರೆ ಅದು ಬೇರೆಯೇ ತಪಾಸಣೆ, ಅದರ ಹೆಸರು ನಲ್ ಸ್ಕ್ಯಾನ್. ಪರೀಕ್ಷೆಯಲ್ಲಿ ಇವೆರಡನ್ನೂ ಅಕ್ಕಪಕ್ಕ ಕೊಟ್ಟರೆ ಕಣ್ಣು ಮೋಸ ಹೋಗುತ್ತದೆ. ಕನ್ನಡದಲ್ಲಿ ಅಲ್ಪಪ್ರಾಣ ಮಹಾಪ್ರಾಣ ಸರಿಯಾಗಿ ಬರೆಯಲು ಕಲಿತವರಿಗೆ ಇದು ಕಷ್ಟವಾಗಬಾರದು.

ಆಮೇಲೆ ಬಾಗಿಲುಗಳು, ಅಂದರೆ ಪೋರ್ಟುಗಳು. ಒಂದೊಂದಕ್ಕೂ ಒಂದು ಸಂಖ್ಯೆ, 65,535ರ ವರೆಗೆ. ವೆಬ್‌ಸೈಟಿಗೆ 80 ಮತ್ತು 443, ದೂರದಿಂದ ಯಂತ್ರ ನಡೆಸುವ ಎಸ್‌ಎಸ್‌ಎಚ್‌ಗೆ 22, ವಿಂಡೋಸಿನ ಕಡತ ಹಂಚಿಕೆಗೆ 445. ಏನೂ ಹೇಳದಿದ್ದರೆ ಎನ್‌ಮ್ಯಾಪ್ ಹೆಚ್ಚು ಬಳಕೆಯ 1000 ಪೋರ್ಟುಗಳನ್ನಷ್ಟೇ ನೋಡುತ್ತದೆ. ಯಾರೋ ತಮ್ಮ ಸೇವೆಯನ್ನು 50,000ದ ಆಚೆ ಎಲ್ಲೋ ಕೂರಿಸಿದ್ದರೆ ತಪ್ಪಿಹೋಗಬಹುದು. ಎಲ್ಲವನ್ನೂ ನೋಡಲು ಹೈಫನ್, ಪಿ, ಮತ್ತೆ ಹೈಫನ್. ಪ್ರಾಯೋಗಿಕ ಪರೀಕ್ಷೆಗೆ ಕೂರುವವರು ಈ ಮೂರು ಅಕ್ಷರ ಮರೆಯಬಾರದು.

ಇನ್ನು ತಟ್ಟುವ ರೀತಿ. ಹೊಸ್ತಿಲ ಹೊರಗೇ ನಿಂತು 'ಯಾರಾದರೂ ಇದ್ದೀರಾ?' ಎಂದು ಕೂಗಿ, ಒಳಗಿಂದ 'ಇದ್ದೀವಿ, ಬನ್ನಿ' ಎಂದ ಕೂಡಲೇ 'ಇರಲಿ ಬಿಡಿ' ಎಂದು ಮುಂದಿನ ಮನೆಗೆ ನಡೆಯುವುದು ಒಂದು ಬಗೆ. ಇದು ಸಿನ್ ಸ್ಕ್ಯಾನ್. ಚಿಕ್ಕ ಎಸ್, ದೊಡ್ಡ ಎಸ್. ಮಾತುಕತೆ ಪೂರ್ತಿಯಾಗುವುದಿಲ್ಲ, ಆದ್ದರಿಂದ ಬೇಗ. ಆದರೆ ಇದಕ್ಕೆ ನಮ್ಮ ಯಂತ್ರದಲ್ಲಿ ಅಡ್ಮಿನ್ ಅಧಿಕಾರ ಬೇಕು. ಇನ್ನೊಂದು ಬಗೆ, ಒಳಗೆ ಹೋಗಿ ಜಗಲಿಯ ಮೇಲೆ ಕೂತು ನೀರು ಕುಡಿದು ಏಳುವುದು. ಅದು ಕನೆಕ್ಟ್ ಸ್ಕ್ಯಾನ್; ಚಿಕ್ಕ ಎಸ್, ದೊಡ್ಡ ಟಿ. ಅಧಿಕಾರ ಬೇಡ, ಆದರೆ ಬಂದು ಹೋದದ್ದು ಆ ಮನೆಯ ದಾಖಲೆಯಲ್ಲಿ ಉಳಿಯುವ ಸಾಧ್ಯತೆ ಹೆಚ್ಚು. 'ಅಡ್ಮಿನ್ ಅಧಿಕಾರವಿಲ್ಲದ ಖಾತೆಯಿಂದ ಸ್ಕ್ಯಾನ್ ಮಾಡಬೇಕಿದೆ, ಯಾವುದು ಬಳಸುವೆ?' ಎಂದು ಪ್ರಶ್ನೆ ಬಂದರೆ ಉತ್ತರ ಇಲ್ಲಿದೆ. ಹಳೆಯ ಪುಸ್ತಕಗಳು ಸಿನ್ ಸ್ಕ್ಯಾನನ್ನು ಗುಪ್ತ ಸ್ಕ್ಯಾನ್ ಎನ್ನುತ್ತವೆ. ಆ ಮಾತನ್ನು ಪರೀಕ್ಷೆಗೆ ನೆನಪಿಡಿ, ಕೆಲಸದಲ್ಲಿ ನಂಬಬೇಡಿ. ಇಂದಿನ ಕಾವಲು ಸಾಫ್ಟ್‌ವೇರುಗಳು ಅದನ್ನೂ ಹಿಡಿಯುತ್ತವೆ.

ಉತ್ತರಗಳನ್ನು ಓದುವುದು ತಟ್ಟುವುದಕ್ಕಿಂತ ಕಷ್ಟ. ತೆರೆದಿದೆ ಎಂದರೆ ಗೊಂದಲವಿಲ್ಲ. 'ಮುಚ್ಚಿದೆ' ಎಂದು ಬಂದರೆ ಮಕ್ಕಳು ಬಿಟ್ಟುಬಿಡುತ್ತಾರೆ. ಆದರೆ 'ಇಲ್ಲಿ ಯಾರೂ ಇಲ್ಲ ಹೋಗ್ರಿ' ಎಂದು ಯಾರೋ ಹೇಳಿದರಲ್ಲ, ಹಾಗಾದರೆ ಮನೆಯಲ್ಲಿ ಜನ ಇದ್ದಾರೆ ಎಂದಾಯಿತು. ಮೂರನೆಯದು 'ಫಿಲ್ಟರ್ಡ್'. ಸಾಮಾನ್ಯವಾಗಿ ಉತ್ತರವೇ ಬಂದಿರುವುದಿಲ್ಲ. ಗೇಟಿನಲ್ಲೇ ಕಾವಲುಗಾರ, ಅಂದರೆ ಫೈರ್‌ವಾಲ್, ನಮ್ಮ ಕೂಗನ್ನು ತಡೆದಿರುತ್ತಾನೆ. ಕೆಲವು ವೇಳೆ ಇಡೀ ಯಂತ್ರವೇ ಸತ್ತಂತೆ ತೋರುತ್ತದೆ, ಏಕೆಂದರೆ ಅದರ ಫೈರ್‌ವಾಲ್ ಪಿಂಗ್ ಕರೆಗೆ ಓಗೊಡುವುದಿಲ್ಲ. ಆಗ ದೊಡ್ಡ ಪಿ, ಚಿಕ್ಕ ಎನ್ ಹಾಕಿದರೆ 'ಮನೆ ಇದೆ ಎಂದೇ ತಿಳಿದು ಬಾಗಿಲು ತಟ್ಟು' ಎಂದು ಹೇಳಿದ ಹಾಗೆ. ಫೋನ್ ಮಾಡಿದ ಮಕ್ಕಳಲ್ಲಿ ಇಬ್ಬರು ಅಭ್ಯಾಸದ ಪರೀಕ್ಷೆಯಲ್ಲಿ ಸಿಕ್ಕಿಬಿದ್ದದ್ದು ಇಲ್ಲೇ.

ಯುಡಿಪಿ ಎಂಬ ಇನ್ನೊಂದು ಬಗೆಯ ಸಂಪರ್ಕವಿದೆ, ಅಂಗಳಕ್ಕೆ ಚೀಟಿ ಎಸೆದ ಹಾಗೆ. ತೆರೆದ ಬಾಗಿಲೂ ಉತ್ತರಿಸದೆ ಇರಬಹುದು. ಮುಚ್ಚಿದ ಬಾಗಿಲು 'ಇಲ್ಲ' ಎನ್ನುತ್ತದೆ, ಆದರೆ ಲಿನಕ್ಸಿನಂಥ ವ್ಯವಸ್ಥೆಗಳಲ್ಲಿ ಸೆಕೆಂಡಿಗೆ ಒಂದರಂತೆ ಮಾತ್ರ. ಎಲ್ಲ ಪೋರ್ಟುಗಳನ್ನು ಹೀಗೆ ನೋಡಲು 18 ಗಂಟೆಗೂ ಹೆಚ್ಚು ಬೇಕೆಂದು ನೀವೇ ಲೆಕ್ಕ ಹಾಕಬಹುದು. ಅದಕ್ಕೇ ಯುಡಿಪಿಗೆ 53, 161ರಂಥ ಕೆಲವೇ ಪೋರ್ಟು ಆರಿಸಿಕೊಳ್ಳುತ್ತಾರೆ.

ವೇಗಕ್ಕೆ ದೊಡ್ಡ ಟಿ, ಸೊನ್ನೆಯಿಂದ ಐದರವರೆಗೆ, ಹೇಳದಿದ್ದರೆ ಮೂರು. ಐದು ಹಾಕಿದರೆ ಅವಸರದಲ್ಲಿ ಉತ್ತರಗಳೇ ತಪ್ಪಿಹೋಗಬಹುದು. ಹಳೆಯ ಯಂತ್ರಗಳಿರುವ ಕಾರ್ಖಾನೆಯಲ್ಲಿ ಅದು ಯಂತ್ರವನ್ನೇ ನಿಲ್ಲಿಸಿದರೂ ನಿಲ್ಲಿಸಬಹುದು. ತೆರೆದ ಬಾಗಿಲ ಹಿಂದೆ ಯಾವ ಸಾಫ್ಟ್‌ವೇರು, ಯಾವ ಆವೃತ್ತಿ ಎಂದು ಕೇಳಲು ಚಿಕ್ಕ ಎಸ್, ದೊಡ್ಡ ವಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಇದು. ಬಾಗಿಲು ತೆರೆದಿರುವುದೇ ತಪ್ಪಲ್ಲ. ತೆರೆದ ಬಾಗಿಲಿನ ಚಿಲಕ ತುಕ್ಕು ಹಿಡಿದಿದ್ದರೆ ತಪ್ಪು. ಕೊನೆಗೆ, ಕಂಡದ್ದನ್ನು ಬರೆದಿಡಲು ಚಿಕ್ಕ ಓ, ದೊಡ್ಡ ಎ. ಓಎಸ್‌ಸಿಪಿ ಪರೀಕ್ಷೆಯಲ್ಲಿ 23 ಗಂಟೆ 45 ನಿಮಿಷ ಪ್ರಾಯೋಗಿಕ, ಆಮೇಲೆ ವರದಿ ಬರೆಯಲು ಇನ್ನೊಂದು ದಿನ. ಬರೆದಿಡದವನು ಅಲ್ಲಿ ಏನನ್ನು ಸಲ್ಲಿಸುತ್ತಾನೆ?

ಚಿಲಕ ಎಂದೆನಲ್ಲ, ಒಂದು ನಿಜ ಸಂಗತಿ ಹೇಳುತ್ತೇನೆ. 2017ರ ಮೇ 12ರಂದು ವನ್ನಾಕ್ರೈ ಎಂಬ ಹುಳ ಜಗತ್ತಿನಾದ್ಯಂತ ಹರಡಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ಅದು ಹೊಕ್ಕದ್ದು 445ನೇ ಬಾಗಿಲಿನಿಂದ. ಮೈಕ್ರೋಸಾಫ್ಟ್ ಅದರ ರಿಪೇರಿಯನ್ನು ಮಾರ್ಚಿನಲ್ಲೇ ಕೊಟ್ಟಿತ್ತು. ಎರಡು ತಿಂಗಳಲ್ಲಿ ಯಾರಾದರೂ ಮನೆಪಟ್ಟಿ ಮಾಡಿ 'ಈ ಯಂತ್ರಕ್ಕೆ ಇನ್ನೂ ರಿಪೇರಿ ಆಗಿಲ್ಲ' ಎಂದು ಬರೆದು ಕೊಟ್ಟ ಕಡೆ ಉಳಿದುಕೊಂಡರು.

ಪೋಷಕರು ಇಲ್ಲಿ ಸ್ವಲ್ಪ ಗಮನ ಕೊಡಬೇಕು. ಗಣತಿಗೆ ಬಂದ ಮೇಷ್ಟ್ರ ಕೊರಳಲ್ಲಿ ಗುರುತಿನ ಚೀಟಿ ಇತ್ತು, ಕೈಯಲ್ಲಿ ಆದೇಶ ಇತ್ತು. ಅದಿಲ್ಲದೆ ಅಪರಿಚಿತನೊಬ್ಬ ಮನೆಮನೆಯ ಚಿಲಕ ಅಲ್ಲಾಡಿಸುತ್ತಾ ಹೋದರೆ ಊರಿನವರು ಏನು ಮಾಡುತ್ತಾರೆ ಎಂದು ನಾನು ಹೇಳಬೇಕಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43 ಮತ್ತು 66ನೇ ಸೆಕ್ಷನ್ನುಗಳ ಪ್ರಕಾರ, ಅನುಮತಿಯಿಲ್ಲದೆ ದುರುದ್ದೇಶದಿಂದ ಬೇರೆಯವರ ಕಂಪ್ಯೂಟರಿಗೆ ಪ್ರವೇಶ ಪಡೆದರೆ ಮೂರು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ಸರ್ಕಾರ ಸಂರಕ್ಷಿತವೆಂದು ಘೋಷಿಸಿದ ವ್ಯವಸ್ಥೆಗಳಿಗೆ 70ನೇ ಸೆಕ್ಷನ್ನು. ಅಲ್ಲಿ ಬರೀ ಪ್ರಯತ್ನಕ್ಕೂ ಹತ್ತು ವರ್ಷದವರೆಗೆ ಶಿಕ್ಷೆ. 'ನಾನು ತಟ್ಟಿದ್ದಷ್ಟೇ, ಒಳಗೆ ಹೋಗಲಿಲ್ಲ' ಎಂದು ವಕೀಲರ ಮೂಲಕ ವಾದಿಸಬಹುದು. ಆದರೆ ಆ ವಾದ ಮುಗಿಯುವ ಹೊತ್ತಿಗೆ ನೌಕರಿಯ ವಯಸ್ಸು ಕಳೆದಿರುತ್ತದೆ. ಪಂಚಾಯಿತಿ ಕಚೇರಿ, ಸೊಸೈಟಿ, ಪಕ್ಕದ ಮನೆಯ ವೈಫೈ, ಯಾವುದೂ ಅಭ್ಯಾಸದ ಮೈದಾನವಲ್ಲ.

ಹಾಗಾದರೆ ಎಲ್ಲಿ ಕಲಿಯುವುದು? ಎನ್‌ಮ್ಯಾಪಿನವರೇ ಸ್ಕ್ಯಾನ್‌ಮಿ ಎಂಬ ಯಂತ್ರವೊಂದನ್ನು ಇಂಟರ್‌ನೆಟ್ಟಿನಲ್ಲಿ ಇಟ್ಟಿದ್ದಾರೆ, ದಿನಕ್ಕೆ ಕೆಲವು ಸಲ ತಟ್ಟಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ಮೆಟಾಸ್ಪ್ಲಾಯ್ಟಬಲ್ ಎಂಬ ಬೇಕೆಂದೇ ಹರಕುಮುರುಕಾಗಿ ಮಾಡಿದ ಯಂತ್ರವನ್ನು ಉಚಿತವಾಗಿ ಇಳಿಸಿಕೊಂಡು ವರ್ಚುವಲ್‌ಬಾಕ್ಸಿನಲ್ಲಿ ನಡೆಸಬಹುದು; ಅದನ್ನು ಮಾತ್ರ ಇಂಟರ್‌ನೆಟ್ಟಿಗೆ ಜೋಡಿಸಬೇಡಿ. ಕೋರ್ಸಿನ ಶುಲ್ಕಕ್ಕೆ ಮುಂಚೆ ಇದನ್ನು ಮೂರು ತಿಂಗಳು ಮಾಡಿ ನೋಡಿ. ಪರೀಕ್ಷೆಯ ಶುಲ್ಕ ಹೇಗೂ ತಪ್ಪುವುದಿಲ್ಲ. ಒಡವೆ ಅಡವಿಡುವುದಿದ್ದರೆ ಅದಕ್ಕಿರಲಿ, ಜೆರಾಕ್ಸ್ ಪಟ್ಟಿಗೆ ಬೇಡ.

ನಮ್ಮ ಬ್ಯಾಚಿನವರು ಸೇರಿ ಶಾಲೆಗೆ ಎರಡು ಕಂಪ್ಯೂಟರು, ಒಂದು ಸ್ವಿಚ್ಚು, ನಾಲ್ಕು ಕೇಬಲ್ಲು ತಂದಿದ್ದೇವೆ. ಹೊರಗಿನ ಸಂಪರ್ಕ ಇರುವುದಿಲ್ಲ. ಒಂದರಿಂದ ಇನ್ನೊಂದರ ಬಾಗಿಲು ತಟ್ಟಬಹುದು, ಅಷ್ಟೇ. ಕೊಠಡಿಯ ಬೀಗದ ಕೈ ವಿಜ್ಞಾನ ಮೇಷ್ಟ್ರ ಬಳಿ ಇರುತ್ತದೆ. ಸರ ಅಡವಿಟ್ಟ ಹುಡುಗ ಭಾನುವಾರಗಳಂದು ಬಂದು ಚಿಕ್ಕವರಿಗೆ ತೋರಿಸಿಕೊಡಲು ಒಪ್ಪಿದ್ದಾನೆ. ಹೆಸರು ಬರೆಸುವವರು ಊಟವಾದ ಮೇಲೆ ಎಂಟನೇ ತರಗತಿಯ ಕೊಠಡಿಗೆ ಬನ್ನಿ.